ಬಿಸಿಲು ಡಬ್ಬಿಗೆ ಬಂದದ್ದು: ವಿಟಮಿನ್ ಡಿ, ಮೊಟ್ಟೆ ಮತ್ತು ಸಾಕಿದ ಓತಿ

(ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹರೂಪ. ಆಡುಮಾತನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗ ಇದೆ.)

ನಾನು ಸುಲ್ತಾನ್ ಬತ್ತೇರಿಯಿಂದ ಮಾತಾಡ್ತಾ ಇದೀನಿ. ನಮ್ಮ ವಿಭಾಗದಲ್ಲಿ ಚರಿತ್ರೆ ಅಂದ್ರೆ ಶಾಸನ, ಕಂದಾಯ, ಚಳವಳಿ. ಟ್ಯೂಬ್‌ಲೈಟಿಗೂ ಹಲ್ಲಿಗೂ ಚರಿತ್ರೆ ಏನು ಅಂತ ಸಂಕಿರಣದ ಪಟ್ಟಿ ನೋಡಿದಾಗಲೇ ಇಬ್ಬರು ಸಹಪಾಠಿಗಳು ಕೇಳಿದರು. ನನ್ನ ಪ್ರಶ್ನೆಯನ್ನು ಮೊದಲೇ ಇಟ್ಟುಬಿಡ್ತೀನಿ. ಹೆಣ್ಣು ಪ್ರಾಣಿಗೆ ಬಿಸಿಲಿನ ಒಂದು ಅಂಶ ಸಿಗದೇ ಹೋದರೆ ಮೊಟ್ಟೆ ಕೆಡುತ್ತೆ, ಮರಿ ಬರೋದಿಲ್ಲ ಅನ್ನೋದು ಕೋಳಿಯ ವಿಷಯದಲ್ಲಿ 1925ರಲ್ಲೇ ಅಚ್ಚಾಗಿತ್ತು. ಅದೇ ಪ್ರಶ್ನೆಯನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಓತಿ, ಗೋಸುಂಬೆಗಳ ವಿಷಯದಲ್ಲಿ ಅಳತೆ ಇಟ್ಟು ಕೇಳಿದ್ದು 1996ರಲ್ಲಿ, 2002ರಲ್ಲಿ. ಎಪ್ಪತ್ತು ವರ್ಷ ಏನಾಯ್ತು? ಬಿಸಿಲಿನ ವಿದ್ಯೆ ಆಹಾರದ ವಿದ್ಯೆಯಾಗಿ ಬದಲಾಗಿ ಡಬ್ಬಿಗೆ ಇಳಿಯಿತು, ಡಬ್ಬಿ ಬಂದಮೇಲೆ ಬೆಳಕನ್ನು ಯಾರೂ ಅಳೆಯಲಿಲ್ಲ ಅನ್ನೋದು ನನ್ನ ವಾದ.

ಊರಿನ ಬಗ್ಗೆ ಒಂದೆರಡು ಮಾತು. ಬತ್ತೇರಿಯ ಹಳೆಯ ಹೆಸರುಗಳಲ್ಲಿ ಒಂದು ಗಣಪತಿವಟ್ಟಂ, ಇನ್ನೊಂದು ಹನ್ನೆರಡು ಬೀದಿ. ಎರಡನೆಯದು ಇಲ್ಲಿದ್ದ ಜೈನರ ಕನ್ನಡದ ಹೆಸರು. ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಜೈನ ಬಸದಿ ಮದ್ದುಗುಂಡಿನ ಉಗ್ರಾಣವಾಯಿತು, ಇಂಗ್ಲಿಷಿನ 'ಬ್ಯಾಟರಿ' ಊರಿನ ಹೆಸರಿಗೆ ಸೇರಿಕೊಂಡಿತು. ಈ ಬ್ಯಾಟರಿ ಅನ್ನೋ ಪದ ಮುಂದೆ ಕೋಳಿಯ ಜೊತೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ. ಪೂರ್ವಕ್ಕೆ ಮುತ್ತಂಗ ದಾಟಿದರೆ ಬಂಡೀಪುರ, ಗುಂಡ್ಲುಪೇಟೆ. ಆಗ್ನೇಯಕ್ಕೆ ಗೂಡಲೂರಿನ ಮೇಲೆ ಹೋದರೆ ಊಟಿ, ಅದರಾಚೆ ಕೂನೂರು. ಹಲ್ಲಿಗಳಿಗೂ ಈ ಸೀಮೆ ಹೊಸದಲ್ಲ. ಕರ್ನಲ್ ಬೆಡ್ಡೋಮ್ 1870ರಲ್ಲಿ ವರ್ಣಿಸಿದ ಒಂದು ಪುಟ್ಟ ಕಾಡುಹಲ್ಲಿಯ ಶಾಸ್ತ್ರೀಯ ಹೆಸರಲ್ಲೇ ವಯನಾಡು ಇದೆ: ನೆಮಾಸ್ಪಿಸ್ ವೈನಾಡೆನ್ಸಿಸ್. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಗೊತ್ತಿರುವ ಹಾರುವ ಓತಿಯೂ ಇಲ್ಲಿನ ಅಡಿಕೆ ಮರಗಳ ಮೇಲೆ ಸಿಗುತ್ತೆ.

ಈಗ ಚರಿತ್ರೆಗೆ ಬರೋಣ. ಮೊದಲ ಮಹಾಯುದ್ಧ ಮುಗಿದ ಕೂಡಲೇ, 1919ರಲ್ಲಿ, ಎರಡು ಊರಲ್ಲಿ ಎರಡು ಬೇರೆ ಉತ್ತರ ಬಂತು. ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗಕ್ಕೆ ಕಾರಣ ಆಹಾರದ ಕೊರತೆ ಅಂತ ಇಂಗ್ಲೆಂಡಿನ ಎಡ್ವರ್ಡ್ ಮೆಲಾನ್ಬಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಹೇಳಿದರು. ಅವರ ಔಷಧ ಕಾಡ್ ಮೀನಿನ ಎಣ್ಣೆ. ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಅನ್ನೋ ವೈದ್ಯ ಪಾದರಸದ ಆವಿಯ ಕ್ವಾರ್ಟ್ಜ್ ದೀಪದ ಕೆಳಗೆ ಮಕ್ಕಳನ್ನು ಕೂರಿಸಿ ಅದೇ ರೋಗವನ್ನು ವಾಸಿ ಮಾಡಿದರು. ಒಂದು ತೋಳಿಗೆ ಮಾತ್ರ ದೀಪ ಹಿಡಿದರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಯಿತು. ಅಂದ್ರೆ ಬೆಳಕು ಚರ್ಮದಲ್ಲಿ ಏನನ್ನೋ ತಯಾರಿಸುತ್ತೆ, ಅದು ರಕ್ತದಲ್ಲಿ ಓಡಾಡುತ್ತೆ. ಒಂದು ಗುಂಪಿಗೆ ಎಣ್ಣೆ, ಇನ್ನೊಂದಕ್ಕೆ ಬಿಸಿಲು. ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಜೊತೆಯವರು ಎರಡೂ ಕೆಲಸ ಮಾಡುತ್ತೆ ಅಂತ ತೋರಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್ ಮೀನೆಣ್ಣೆಯ ಆ ಅಂಶಕ್ಕೆ ವಿಟಮಿನ್ ಡಿ ಅಂತ ಹೆಸರಿಟ್ಟರು. ವಿಟಮಿನ್ ಅಂತ ಕರೆದ ಮೇಲೆ ಅದು ಆಹಾರದ ಸಾಲಿಗೆ ಸೇರಿದ ಹಾಗೆಯೇ. ಹೆಸರಿನಲ್ಲೇ ಅರ್ಧ ಚರಿತ್ರೆ ನಿರ್ಧಾರ ಆಗಿಹೋಯ್ತು ಅಂತ ನನಗನ್ನಿಸುತ್ತೆ.

1923ರಲ್ಲಿ ಒಂದು ತಮಾಷೆಯ ಪ್ರಯೋಗ ನಡೆಯಿತು. ಹ್ಯೂಮ್ ಮತ್ತು ಸ್ಮಿತ್ ಅನ್ನೋ ಇಬ್ಬರು ಮಹಿಳೆಯರು ಖಾಲಿ ಜಾಡಿಗಳ ಮೇಲೆ ದೀಪ ಹಾಯಿಸಿ, ಆಮೇಲೆ ಅದರಲ್ಲಿ ಇಲಿಗಳನ್ನು ಬಿಟ್ಟರು. ಬೆಳಕು ಬೀಳದ ಇಲಿಗಳೂ ಚೇತರಿಸಿಕೊಂಡವು! ಗಾಳಿಯೇ ಬದಲಾಗಿದೆಯೋ ಏನೋ ಅಂತ ಮೊದಲು ಅನುಮಾನ. ಆಮೇಲೆ ನೋಡಿದರೆ ಇಲಿಗಳು ಜಾಡಿಯ ತಳದ ಮರದ ಹೊಟ್ಟನ್ನು ತಿನ್ನುತ್ತಿದ್ದವು, ಬೆಳಕು ಬಿದ್ದದ್ದು ಹೊಟ್ಟಿಗೆ. ಮರುವರ್ಷ ವಿಸ್ಕಾನ್ಸಿನ್‌ನ ಹ್ಯಾರಿ ಸ್ಟೀನ್‌ಬಾಕ್ ಆಹಾರಕ್ಕೇ ಬೆಳಕು ಹಾಯಿಸಿದರೆ ಅದು ಔಷಧವಾಗುತ್ತೆ ಅಂತ ಪ್ರಕಟಿಸಿದರು, ಪೇಟೆಂಟ್ ಕೇಳಿದರು. ಆ ಪೇಟೆಂಟಿನ ಹಣ ನೋಡಿಕೊಳ್ಳೋದಕ್ಕೇ 1925ರಲ್ಲಿ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಒಂದು ಪ್ರತಿಷ್ಠಾನ ಕಟ್ಟಿದರು. 1927ರಲ್ಲಿ ಕ್ವೇಕರ್ ಓಟ್ಸ್ ಕಂಪನಿ ಪರವಾನಗಿ ಪಡೆಯಿತು. ಬೆಳಕನ್ನು ಪ್ರಾಣಿಗೆ ಕೊಡಬೇಕಾಗಿಲ್ಲ, ತಿಂಡಿಗೆ ಕೊಟ್ಟು ತಿಂಡಿಯನ್ನು ಪ್ರಾಣಿಗೆ ಕೊಟ್ಟರೆ ಸಾಕು. ಬಿಸಿಲು ಡಬ್ಬಿಗೆ ಇಳಿದದ್ದು ಹೀಗೆ.

ನನ್ನ ಪ್ರಶ್ನೆ ಮೊಟ್ಟೆಯದ್ದು, ಅದಕ್ಕೆ ಇದೇ ವಿಸ್ಕಾನ್ಸಿನ್ನಿನ ಇನ್ನೊಂದು ಕೋಣೆಗೆ ಹೋಗಬೇಕು. ಗಾಜಿನ ಕಿಟಕಿಯ ಹಿಂದೆ ಬೆಳೆಸಿದ ಕೋಳಿಮರಿಗಳು ಕಾಲು ಸೋತು ಕೂತುಬಿಡುತ್ತಿದ್ದವು. ಕಿಟಕಿ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತೆ. 280ರಿಂದ 315 ನ್ಯಾನೊಮೀಟರಿನ ಯುವಿ-ಬಿ ಅನ್ನೋ ಅತಿನೇರಳೆ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತೆ. ಹಾರ್ಟ್, ಸ್ಟೀನ್‌ಬಾಕ್, ಹ್ಯಾಲ್ಪಿನ್ ಮೊದಲಾದವರು 1925ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ಅತಿನೇರಳೆ ಬೆಳಕಿನಿಂದ ಮೊಟ್ಟೆಯ ಸಂಖ್ಯೆ, ಫಲವಂತಿಕೆ, ಮರಿಯಾಗುವ ಪ್ರಮಾಣ ಏನಾಗುತ್ತೆ ಅನ್ನೋದು. ದೀಪ ಹಾಯಿಸಿದ ಹೇಂಟೆಗಳು ಹೆಚ್ಚು ಮೊಟ್ಟೆ ಇಟ್ಟವು, ಆ ಮೊಟ್ಟೆಗಳಲ್ಲಿ ಹೆಚ್ಚು ಮರಿ ಹೊರಬಂದವು. ಅದೇ ವರ್ಷ ಕಾನ್ಸಾಸ್‌ನಿಂದ ಹ್ಯೂಸ್ ಮತ್ತು ಸಂಗಡಿಗರ ಇನ್ನೊಂದು ಪ್ರಬಂಧ ಬಂತು: ತಾಯಿಗೆ ಬಿದ್ದ ಬೆಳಕಿನ ಪ್ರಮಾಣಕ್ಕೆ ತಕ್ಕ ಹಾಗೆ ಮೊಟ್ಟೆಯ ಒಳಗೆ ರಿಕೆಟ್ಸ್ ತಡೆಯುವ ಗುಣ ಇರುತ್ತೆ. ತಾಯಿ ಬಿಸಿಲು ಕಾಯಿಸಿದ್ದನ್ನು ಭಂಡಾರದಲ್ಲಿ ಕಟ್ಟಿ ಮರಿಗೆ ಕೊಡುತ್ತೆ ಅಂತ ಆಯ್ತಲ್ಲ. ಇದಕ್ಕಿಂತ ಸ್ಪಷ್ಟವಾಗಿ ಹೇಳೋದಕ್ಕೆ ಏನಿದೆ?

ಆದರೆ ಈ ತಿಳಿವಳಿಕೆಯಿಂದ ಕೋಳಿಗೆ ಬಿಸಿಲು ಸಿಗಲಿಲ್ಲ. ಆದದ್ದು ಇದಕ್ಕೆ ಉಲ್ಟಾ. ಮೀನೆಣ್ಣೆಯನ್ನೋ ಬೆಳಕು ಹಾಯಿಸಿದ ಪದಾರ್ಥವನ್ನೋ ಮೇವಿಗೆ ಬೆರೆಸಿದರೆ ಸಾಕು ಅಂತಾದಮೇಲೆ ಕೋಳಿಯನ್ನು ವರ್ಷವಿಡೀ ಮಾಡಿನ ಕೆಳಗೆ ಇಡಬಹುದು. 1930ರ ದಶಕದಲ್ಲಿ ಸಾಲುಸಾಲು ತಂತಿಯ ಗೂಡುಗಳು ಹರಡಿದವು. ಅದರ ಹೆಸರು ಬ್ಯಾಟರಿ ಕೇಜ್. ನಮ್ಮೂರಿನ ಬತ್ತೇರಿಯೂ ಅದೂ ಒಂದೇ ಇಂಗ್ಲಿಷ್ ಪದ, ಒಂದು ತೋಪಿನ ಸಾಲು, ಇನ್ನೊಂದು ಗೂಡಿನ ಸಾಲು. ಇನ್ನೊಂದು ಸಂಗತಿಯೂ ಕೋಳಿಯಿಂದಲೇ ಗೊತ್ತಾಯ್ತು. ಬೂಷ್ಟಿನ ಎರ್ಗೊಸ್ಟೆರಾಲ್‌ನಿಂದ ಮಾಡಿದ ವಿಟಮಿನ್ ಡಿ2 ಇಲಿಗೆ ನಾಟುತ್ತೆ, ಕೋಳಿಗೆ ಅಷ್ಟಾಗಿ ನಾಟೋದಿಲ್ಲ. 1934ರಲ್ಲಿ ವಾಡೆಲ್ ಈ ವ್ಯತ್ಯಾಸವನ್ನು ಹಿಡಿದರು, ಆಮೇಲೆ ಜರ್ಮನಿಯಲ್ಲಿ ಅಡಾಲ್ಫ್ ವಿಂಡೌಸ್ ಅವರ ಪ್ರಯೋಗಾಲಯ ಪ್ರಾಣಿಯ ಚರ್ಮದಲ್ಲೇ ಹುಟ್ಟುವ ಡಿ3ರ ರಚನೆ ಬಿಡಿಸಿತು. ಇವತ್ತು ಬತ್ತೇರಿಯ ಪಶು ಔಷಧಿ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ-ಡಿ3 ಟಾನಿಕ್ಕಿನ ಪೂರ್ವಜರು ಈ ಕೋಳಿಗಳು.

ನಮ್ಮ ದೇಶದ ಭಾಗಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಬೇಕು. 1922ರಲ್ಲಿ ಹಚಿಸನ್ ಮತ್ತು ಷಾ ಅನ್ನೋ ಇಬ್ಬರು ನಾಸಿಕ್ ಸೀಮೆಯ ರಿಕೆಟ್ಸ್ ಬಗ್ಗೆ ಬರೆದರು. ಹಾಲು ತುಪ್ಪ ಉಂಡು ಒಳಮನೆಯಲ್ಲಿ ಬೆಳೆದ ಅನುಕೂಲಸ್ಥರ ಮಕ್ಕಳಲ್ಲಿ, ಪರದೆಯೊಳಗಿನ ಹುಡುಗಿಯರಲ್ಲಿ ಮೂಳೆರೋಗ ಕಂಡಿತು. ಅರೆಹೊಟ್ಟೆಯಲ್ಲಿ ಹೊಲದಲ್ಲಿ ಓಡಾಡುವ ಬಡವರ ಮಕ್ಕಳಲ್ಲಿ ಕಾಣಲಿಲ್ಲ. ಊಟವೇ ಎಲ್ಲಾ ಅಂತಿದ್ದವರಿಗೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳು. 1928ರಲ್ಲಿ ಕಾಶ್ಮೀರದಲ್ಲಿ ಕೆಲಸ ಮಾಡಿದ್ದ ವೈದ್ಯೆ ಕ್ಯಾಥ್ಲೀನ್ ವಾನ್ ಒಂದು ಪುಸ್ತಕವನ್ನೇ ಬರೆದರು. ಪರದೆ ಪದ್ಧತಿಯಿಂದ ತಾಯ್ತನಕ್ಕೆ ಆಗುವ ಪರಿಣಾಮ ಅದರ ವಿಷಯ. ಬೆಳಕಿಲ್ಲದೆ ಮೂಳೆ ಮೆತ್ತಗಾಗುತ್ತೆ, ಮೆತ್ತಗಾದ ಸೊಂಟದ ಮೂಳೆ ಒಳಕ್ಕೆ ಕುಸಿಯುತ್ತೆ, ಹೆರಿಗೆಯ ದಾರಿ ಕಿರಿದಾಗುತ್ತೆ, ತಾಯಿಯೋ ಮಗುವೋ ಇಬ್ಬರೂನೋ ಸಾಯ್ತಾರೆ. ಅದೇ ಹೊತ್ತಿಗೆ ಡಾಗ್ಮರ್ ಕರ್ಜೆಲ್ ವಿಲ್ಸನ್ ಕಾಂಗ್ರಾ ಕಣಿವೆಯಲ್ಲಿ ಇದೇ ಕಾಯಿಲೆಯ ಸಮೀಕ್ಷೆ ಮಾಡಿದರು.

ವಾನ್ ಅವರ ಪುಸ್ತಕವನ್ನು ಓದುವಾಗ ಎಚ್ಚರ ಬೇಕು. ಕ್ಯಾಥರೀನ್ ಮೇಯೋ ಅವರ 'ಮದರ್ ಇಂಡಿಯಾ' ಬಂದದ್ದು 1927ರಲ್ಲಿ. ಭಾರತದ ಹೆಂಗಸಿನ ದೇಹ ಆಗ ಸಾಮ್ರಾಜ್ಯದ ವಾದಕ್ಕೆ ಒಂದು ಸಾಕ್ಷಿಯಾಗಿ ಎಳೆದಾಡಲ್ಪಡ್ತಿತ್ತು. 'ನಿಮ್ಮ ಪದ್ಧತಿಯೇ ನಿಮ್ಮನ್ನು ಕೊಲ್ತಿದೆ' ಅನ್ನೋದು ಸುಲಭದ ಮಾತು. ಇಕ್ಕಟ್ಟಿನ ನಗರದ ಮನೆ, ಬಡತನ, ಅಂಗಳವೇ ಇಲ್ಲದ ಬೀದಿ, ಇವು ಆ ಮಾತಿನ ಹಿಂದೆ ಅಡಗಿಹೋಗುತ್ತವೆ. ಆದರೂ ವೈದ್ಯೆಯಾಗಿ ಅವರು ಹೆರಿಗೆಯ ಮಂಚದ ಪಕ್ಕ ಕಂಡದ್ದನ್ನು ತಳ್ಳಿಹಾಕೋದಕ್ಕೆ ನಾನು ತಯಾರಿಲ್ಲ. ನನಗೆ ಮುಖ್ಯವಾದದ್ದು ಇಷ್ಟು: ಬೆಳಕಿನ ಕೊರತೆ ಹೆಣ್ಣಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತೆ, ಹೆರುವ ಹೊತ್ತಿಗೆ ಒಮ್ಮೆಲೇ ಲೆಕ್ಕ ಕೇಳುತ್ತೆ.

ಇತ್ತ ನಮ್ಮ ಬೆಟ್ಟದಾಚೆ ಕೂನೂರಿನಲ್ಲಿ ಏನು ನಡೀತಿತ್ತು? ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ಬೆರಿಬೆರಿ ವಿಚಾರಣೆ ಶುರುಮಾಡಿದರು. 1928ರ ಹೊತ್ತಿಗೆ ಅದು ಪೋಷಣಾ ಸಂಶೋಧನಾ ಪ್ರಯೋಗಾಲಯವಾಯ್ತು. ಪಂಜಾಬಿನ ಸಿಖ್ಖರ ಊಟ, ಮದರಾಸಿನ ಊಟ ಅಂತ ಇಲಿಗಳಿಗೆ ಬೇರೆಬೇರೆ ಬಡಿಸಿ ಬೆಳವಣಿಗೆ ನೋಡಿದ ಅವರ ಪ್ರಯೋಗ ಪ್ರಸಿದ್ಧ. ಅವರ ನಂತರ 1935ರಲ್ಲಿ ಬಂದ ಆಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕ ಮೌಲ್ಯದ ಕೈಪಿಡಿ ತಂದರು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯ್ತು, ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಆಹಾರದ ಪಟ್ಟಿಯಲ್ಲಿ ರಾಗಿಗೆ ಜಾಗ ಇದೆ, ಬೇಳೆಗೆ ಜಾಗ ಇದೆ, ಅಂಗಳದ ಬಿಸಿಲಿಗೆ ಕಾಲಂ ಇರೋದಿಲ್ಲ.

ಇನ್ನು ಹಲ್ಲಿಗಳ ಸರದಿ. ಲಂಡನ್ ಮೃಗಾಲಯದ ಸರೀಸೃಪಗಳ ಮನೆ ತೆರೆದದ್ದು 1927ರಲ್ಲಿ. ಅದನ್ನು ರೂಪಿಸಿದವರು ಜೋನ್ ಪ್ರಾಕ್ಟರ್. ಆಗ ಅವರಿಗೆ ಮೂವತ್ತು ವರ್ಷ, ಮೈತುಂಬ ಕಾಯಿಲೆ. ಗೂಡುಗೂಡಿಗೂ ಬೇರೆ ಶಾಖ, ನೋಡುಗರ ಕಡೆ ಕತ್ತಲು ಪ್ರಾಣಿಯ ಕಡೆ ಬೆಳಕು, ಅತಿನೇರಳೆಯನ್ನು ಒಳಗೆ ಬಿಡುವ ವಿಶೇಷ ಗಾಜು, ಇವೆಲ್ಲಾ ಅಲ್ಲಿದ್ದವು. ಅದೇ ವರ್ಷ ಬಂದ ಎರಡು ಕೊಮೊಡೊ ಉಡಗಳನ್ನು ಅವರು ಕೈಯಲ್ಲೇ ಪಳಗಿಸಿದರು. 1931ರಲ್ಲಿ ತೀರಿಹೋದರು. ರಿಕೆಟ್ಸ್ ದೀಪದ ಕಾಲದಲ್ಲೇ ಬೆಳಕಿನ ಮಾತು ಹಲ್ಲಿಯ ಗೂಡಿನವರೆಗೆ ಬಂದಿತ್ತು ಅಂತಾಯ್ತು. ಬಂದದ್ದು ನಿಲ್ಲಲಿಲ್ಲ. ಮುಂದಿನ ದಶಕಗಳಲ್ಲಿ ಪ್ರಾಣಿ ಸಾಕುವವರ ಕೈಗೆ ಬಂದದ್ದು ಸಾಧಾರಣ ಟ್ಯೂಬು, ಕ್ಯಾಲ್ಸಿಯಂ ಪುಡಿ, ಡಿ3 ಪುಡಿ. 1960ರ ದಶಕದ ನಂತರ 'ಪೂರ್ಣ ವರ್ಣಪಟಲ' ಅಂತ ಹೆಸರು ಹೊತ್ತ ಟ್ಯೂಬುಗಳು ಬಂದವು, ಬಿಸಿಲಿನಂತೆ ಕಾಣುತ್ತವೆ ಅಂತ ಜನ ನಂಬಿ ಕೊಂಡರು. ಅವು ನಿಜಕ್ಕೂ ಎಷ್ಟು ಯುವಿ-ಬಿ ಕೊಡುತ್ತವೆ? ವಿಲಿಯಂ ಗೆರ್ಮನ್ ಅನ್ನೋರು ಪ್ರಾಣಿ ಸಾಕಣೆಯಲ್ಲಿ ಬಳಸುವ ದೀಪಗಳ ಅತಿನೇರಳೆಯನ್ನು ಒಂದೊಂದಾಗಿ ಅಳೆದು ಪ್ರಕಟಿಸಿದ್ದು 1987ರಲ್ಲಿ. ಕಣ್ಣಿಗೆ ಬಿಸಿಲಿನ ಹಾಗೆ ಕಾಣೋದೇ ಬೇರೆ, ಚರ್ಮಕ್ಕೆ ಬಿಸಿಲಾಗೋದೇ ಬೇರೆ.

ಪುಡಿಯ ಮೇಲಿನ ಭರವಸೆಗೆ ಮೊದಲ ದೊಡ್ಡ ಪೆಟ್ಟು ಹಸಿರು ಇಗುವಾನದಿಂದ ಬಂತು. ಮೇರಿ ಆಲನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮೇವಿಗೆ ಎಷ್ಟು ಡಿ3 ಸುರಿದರೂ ಯುವಿ-ಬಿ ಇಲ್ಲದ ಇಗುವಾನಗಳ ರಕ್ತದಲ್ಲಿ ಅದು ಏರಲೇ ಇಲ್ಲ. ಕೋಳಿಗೂ ಇಲಿಗೂ ನಾಟಿದ್ದು ಇದಕ್ಕೆ ನಾಟಲಿಲ್ಲ. ಅದೇ 1996ರಲ್ಲಿ ಟೆಕ್ಸಾಸ್‌ನ ಗ್ಯಾರಿ ಫರ್ಗುಸನ್, ಗೆರ್ಮನ್ ಮತ್ತಿತರರು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗಳನ್ನು ಒಳಾಂಗಣದಲ್ಲಿ ಸಾಕಿ, ಆಹಾರದ ವಿಟಮಿನ್ ಎ, ಡಿ ಮತ್ತು ಯುವಿ ಬೆಳಕನ್ನು ಬದಲಿಸುತ್ತಾ ರೋಗ, ಬೆಳವಣಿಗೆ, ಸಂತಾನ ಮೂರನ್ನೂ ನೋಡಿದರು. 2002ರ ಪ್ರಬಂಧ ಪೂರ್ತಿಯಾಗಿ ಹೆಣ್ಣು ಗೋಸುಂಬೆಯದ್ದು. ಬೆಳಕು ಸಾಲದ ತಾಯಂದಿರೂ ಮೊಟ್ಟೆ ಇಡುತ್ತವೆ, ಮರಿಯಾಗಿ ಹೊರಬರೋದು ಮಾತ್ರ ಕಡಿಮೆ. ಕಡಿಮೆ ತೀವ್ರತೆಯ ಬೆಳಕನ್ನು ದಿನವಿಡೀ ಕೊಟ್ಟರೂ ಆಯ್ತು, ಹೆಚ್ಚಿನದನ್ನು ಸ್ವಲ್ಪ ಹೊತ್ತು ಕೊಟ್ಟರೂ ಆಯ್ತು, ಒಟ್ಟು ಪ್ರಮಾಣ ಒಂದು ಮಿತಿಯೊಳಗೆ ಇರಬೇಕು. 1925ರ ಹೇಂಟೆಯ ಪ್ರಬಂಧವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಓದಿ. ಪ್ರಶ್ನೆ ಒಂದೇ.

ಈ ವ್ಯತ್ಯಾಸದ ಒಳಗುಟ್ಟು ಚರ್ಮದಲ್ಲಿದೆ. ಚರ್ಮದ 7-ಡಿಹೈಡ್ರೊಕೊಲೆಸ್ಟೆರಾಲ್ ಮೇಲೆ ಯುವಿ-ಬಿ ಬಿದ್ದರೆ ಪೂರ್ವ-ಡಿ3 ಹುಟ್ಟುತ್ತೆ, ಮೈಯ ಶಾಖದಿಂದ ಅದು ನಿಧಾನಕ್ಕೆ ಡಿ3 ಆಗುತ್ತೆ. ಅದಕ್ಕೇ ದೀಪದ ಜೊತೆ ಕಾಯುವ ಜಾಗವೂ ಬೇಕು. ತಣ್ಣಗಿನ ಹಲ್ಲಿಗೆ ಬೆಳಕು ಕೊಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಬಿಸಿಲು ಅತಿಯಾದರೆ ಆ ಪೂರ್ವ-ಡಿ3 ಲೂಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಅನ್ನೋ ಕೆಲಸಕ್ಕೆ ಬಾರದ ರೂಪಗಳಿಗೆ ತಿರುಗಿಕೊಳ್ಳುತ್ತೆ. ಬೆಳಕಿನ ದಾರಿಯಲ್ಲಿ ಬ್ರೇಕ್ ಇದೆ. ಬಾಯಿಂದ ಹಾಕುವ ಪುಡಿಗೆ ಈ ಬ್ರೇಕ್ ಇಲ್ಲ, ಹೆಚ್ಚಾದರೆ ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿ, ರಕ್ತನಾಳದಲ್ಲಿ ಕಲ್ಲಾಗಿ ಕೂರುತ್ತೆ. ಫರ್ಗುಸನ್ ತಂಡ 2003ರಲ್ಲಿ, ಕಾರ್ಸ್ಟನ್ ಮತ್ತಿತರರು 2009ರಲ್ಲಿ ಇನ್ನೂ ಸೊಗಸಾದ ಸಂಗತಿ ತೋರಿಸಿದರು. ಆಹಾರದಲ್ಲಿ ಡಿ3 ಕಡಿಮೆ ಇದ್ದ ಗೋಸುಂಬೆ ತಾನೇ ಹೋಗಿ ಹೆಚ್ಚು ಹೊತ್ತು ಯುವಿ ಕೆಳಗೆ ಕೂರುತ್ತೆ, ಸಾಕಷ್ಟಿದ್ದದ್ದು ನೆರಳಿಗೆ ಸರಿಯುತ್ತೆ. ಆಯ್ಕೆ ಕೊಟ್ಟರೆ ಲೆಕ್ಕ ಅದಕ್ಕೇ ಗೊತ್ತು.

ಬತ್ತೇರಿಯಲ್ಲಿ ನಮ್ಮ ಚಿಕ್ಕಪ್ಪನ ಮಗ ಇಗುವಾನ ಸಾಕಿದ್ದಾನೆ. ಹೆಣ್ಣು ಮೊಟ್ಟೆ ಇಟ್ಟಿತು, ಒಂದೂ ಒಡೆಯಲಿಲ್ಲ. ಎರಡನೇ ಸಲ ಹೊಟ್ಟೆ ಉಬ್ಬಿಸಿಕೊಂಡು ಮೂಲೆ ಹಿಡಿಯಿತು, ಕಾಲು ನಡುಗುತ್ತಿತ್ತು. 'ಅಕ್ಕ, ಯಾವ ಪೌಡರು ಹಾಕ್ಲಿ?' ಅಂತ ನನಗೆ ಫೋನ್ ಮಾಡಿದ. ತೊಟ್ಟಿ ಇದ್ದದ್ದು ಕಿಟಕಿ ಪಕ್ಕ, ಗಾಜಿನ ಈಚೆ. ಹೊರಗೆ ಮಾರ್ಚಿನ ಬಿಸಿಲು. ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಮೇಲಿರುವ ನಮ್ಮೂರಲ್ಲಿ ಮೋಡವಿಲ್ಲದ ಮಧ್ಯಾಹ್ನ ಯುವಿ ಸೂಚ್ಯಂಕ ಹತ್ತು ದಾಟುತ್ತೆ. ಅವನನ್ನು ನಾನು ದೂರೋದಿಲ್ಲ. 'ಯಾವ ಪೌಡರು' ಅನ್ನೋ ಪ್ರಶ್ನೆ ಅವನದ್ದಲ್ಲ, ಅದನ್ನು ನೂರು ವರ್ಷದ ಚರಿತ್ರೆ ಅವನ ಬಾಯಲ್ಲಿ ಇಟ್ಟಿದೆ. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗು ಅಂದೆ. ಮೊಟ್ಟೆ ಸಿಕ್ಕಿಕೊಂಡ ಹಲ್ಲಿಗೆ ಫೋನಿನಲ್ಲಿ ಚರಿತ್ರೆ ಹೇಳೋದರಿಂದ ಏನೂ ಆಗೋದಿಲ್ಲ. ಎಕ್ಸ್‌ರೇ ತೆಗೆದು, ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರು, ಬದುಕಿತು.

ಆದರೆ ಎಲ್ಲಾ ಮೊಟ್ಟೆ ಸಂಕಟಕ್ಕೂ ಬೆಳಕೇ ಕಾರಣ ಅಂದರೆ ಅದೂ ಒಂದು ಹೊಸ ಡಬ್ಬಿಯೇ. ಇಲ್ಲಿ ಧಾರವಾಡವನ್ನು ನೆನೆಯಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ, ಬಿ. ಎ. ಶಾನಭಾಗ, ಆರ್. ಎಸ್. ರಡ್ಡೇರ ಮತ್ತಿತರರು ನಮ್ಮ ಬೇಲಿ ಮೇಲಿನ ಸಾಮಾನ್ಯ ಓತಿಕ್ಯಾತದ ಸಂತಾನಕ್ರಮದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅವರ 1998ರ ಬರಹ ನನ್ನ ವಿಷಯಕ್ಕೆ ನೇರ ತಾಗುತ್ತೆ. ಸೆರೆಯಲ್ಲಿರುವ ಹೆಣ್ಣು ಓತಿ ಮೊಟ್ಟೆಗಳನ್ನು ಅಂಡನಾಳದಲ್ಲೇ ಬಹಳ ಕಾಲ ಹಿಡಿದುಕೊಂಡರೆ ಭ್ರೂಣದ ಬೆಳವಣಿಗೆ 34ನೇ ಹಂತದಲ್ಲಿ ನಿಂತುಬಿಡುತ್ತೆ. 2003ರಲ್ಲಿ ಅವರೇ ಮೈಯ ಶಾಖ ಇಳಿಸಿದಾಗ ಭ್ರೂಣ ವಿಶ್ರಾಂತಿಗೆ ಹೋಗುತ್ತೆ ಅಂತ ತೋರಿಸಿದರು. ಓತಿ ಮೊಟ್ಟೆ ಇಡೋದು ನೆಲ ಬಗೆದು, ಒದ್ದೆ ಮಣ್ಣಲ್ಲಿ. ಅಂಥ ಮಣ್ಣು ಸಿಗದಿದ್ದರೆ ಅದು ಕಾಯುತ್ತೆ. ಕಾಯುವುದು ಅದರ ರೋಗವಲ್ಲ, ಜಾಣತನ. ಅಂಗಡಿಯ ಕಾಗದದ ಚೂರು ಹಾಸಿದ ತೊಟ್ಟಿಯಲ್ಲಿ ಎಷ್ಟೇ ಒಳ್ಳೆಯ ಯುವಿ ದೀಪ ಇಟ್ಟರೂ ಹೆಣ್ಣು ಮೊಟ್ಟೆ ಹಿಡಿದುಕೊಂಡೇ ಕೂತಿರಬಹುದು. ಧಾರವಾಡದವರು ಪ್ರಾಣಿಯ ಋತುವಿನಿಂದ, ನೆಲದಿಂದ, ಶಾಖದಿಂದ ಶುರುಮಾಡಿದರು. ಸಾಕುವವರು ಓದಬೇಕಾದ್ದು ಮೊದಲು ಇದನ್ನ ಅಂತ ನನ್ನ ಅಭಿಪ್ರಾಯ, ಆದರೆ ಜಾಲದಲ್ಲಿ ಸಿಗೋದೆಲ್ಲಾ ದೀಪದ ಬ್ರಾಂಡುಗಳ ಜಗಳ.

ದೀಪದ ಲೆಕ್ಕಕ್ಕೆ ಈಗ ಒಂದು ಒಪ್ಪಿದ ಅಳತೆ ಇದೆ. ಫರ್ಗುಸನ್ ಮತ್ತಿತರರು 2010ರಲ್ಲಿ ಬಯಲಿನಲ್ಲೇ ಹಲ್ಲಿ, ಹಾವುಗಳ ಹಿಂದೆ ಮೀಟರ್ ಹಿಡಿದು ಹೋಗಿ, ಅವು ಕೂತ ಜಾಗದ ಯುವಿ ಸೂಚ್ಯಂಕ ಅಳೆದು ನಾಲ್ಕು ವಲಯ ಮಾಡಿದರು. ನೆರಳು, ಮುಸ್ಸಂಜೆಯ ಪ್ರಾಣಿಗಳ ಮೊದಲ ವಲಯದ ಸರಾಸರಿ 0ರಿಂದ 0.7, ನಡುಹಗಲಿನ ಬಿಸಿಲು ಕಾಯಿಸುವ ನಾಲ್ಕನೆಯದ್ದು 2.6ರಿಂದ 3.5. ಫ್ರಾನ್ಸಿಸ್ ಬೇನ್ಸ್ ಮತ್ತಿತರರು 2016ರಲ್ಲಿ ಇದನ್ನು ನೂರಾರು ಜಾತಿಗಳಿಗೆ ವಿಸ್ತರಿಸಿದರು. ಮೂಲ ಅಳತೆ ನಡೆದದ್ದು ಪಶ್ಚಿಮ ಗೋಳಾರ್ಧದ ಪ್ರಾಣಿಗಳ ಮೇಲೆ ಅನ್ನೋದನ್ನು ನಮ್ಮವರು ಮರೆಯಬಾರದು. ಆದರೂ ನನಗೆ ಈ ವಿಧಾನ ಇಷ್ಟ. ಸುಮಾರು ತೊಂಬತ್ತು ವರ್ಷಗಳ ನಂತರ ಯಾರೋ ಡಬ್ಬಿ ಕೆಳಗಿಟ್ಟು, ಪ್ರಾಣಿ ಎಲ್ಲಿ ಕೂತಿದೆ ಅಂತ ನೋಡೋದಕ್ಕೆ ಹೊರಗೆ ಹೋದರು.

ಮಾತು ಇಲ್ಲಿಗೆ ನಿಲ್ಲಿಸ್ತೀನಿ, ಚಾಟ್‌ನಲ್ಲಿ ಪ್ರಶ್ನೆಗಳು ಬಂದಿವೆ.

ಪ್ರಶ್ನೆ: ಹೆಂಗಸರು, ಕೋಳಿ, ಹಲ್ಲಿ ಮೂವರನ್ನೂ ಒಂದೇ ಸಾಲಲ್ಲಿ ಇಡೋದು ಸರಿಯೇ?

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು ಮೇಡಂ. ಸಾಲಲ್ಲಿ ಇಟ್ಟವಳು ನಾನಲ್ಲ, 1920ರ ದಶಕದ ವಿಜ್ಞಾನ. ಇಲಿಯಿಂದ ಮಗುವಿಗೆ, ಮಗುವಿನಿಂದ ಕೋಳಿಗೆ ಅದು ಸರಾಗ ಓಡಾಡಿತು. ನಾನು ತೋರಿಸಬೇಕು ಅಂದುಕೊಂಡದ್ದು ಆ ಓಡಾಟ ಎಲ್ಲಿ ನಿಂತಿತು ಅನ್ನೋದನ್ನ. ಕೋಳಿ ಮೊಟ್ಟೆಗೆ ಮಾರುಕಟ್ಟೆ ಇತ್ತು, ಪ್ರಶ್ನೆಗೆ ಹಣ ಬಂತು. ಪರದೆಯ ಹೆಂಗಸಿನ ಹೆರಿಗೆಯನ್ನು ರಾಜಕೀಯ ಎತ್ತಿಕೊಂಡಿತು, ಅವರಿಗೆ ಸಿಕ್ಕಿದ್ದು ಟೀಕೆ, ಅಂಗಳ ಸಿಗಲಿಲ್ಲ. ಹಲ್ಲಿಗೆ ಎರಡೂ ಇರಲಿಲ್ಲ. ಹೋಲಿಕೆ ದೇಹಗಳದ್ದಲ್ಲ, ಯಾರ ಕೊರತೆಯನ್ನು ಯಾರು, ಯಾಕೆ ಅಳೆದರು ಅನ್ನೋದರದ್ದು.

ಪ್ರಶ್ನೆ: ಕಾಡಿನ ಓತಿ, ಉಡ, ಗೋಸುಂಬೆ ತಂದು ಸಾಕಬಹುದಾ?

ಬೇಡ. ನಮ್ಮ ಕಾಡಿನ ಉಡ, ಗೋಸುಂಬೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಹಿಡಿಯೋದೂ ಇಟ್ಟುಕೊಳ್ಳೋದೂ ಅಪರಾಧ. ಹೊರದೇಶದ ಇಗುವಾನದಂಥವುಗಳಿಗೆ 2020ರಲ್ಲಿ ಸ್ವಯಂಘೋಷಣೆಯ ಅವಕಾಶ ಬಂತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2024ರಲ್ಲಿ ನೋಂದಣಿ ನಿಯಮಗಳು ಬಂದವು. ಸೈಟಿಸ್ ಪಟ್ಟಿಯ ಪ್ರಾಣಿ ಇದ್ದರೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಹಸ್ತಾಂತರ, ಹುಟ್ಟು, ಸಾವು ಎಲ್ಲವನ್ನೂ ತಿಳಿಸಬೇಕು. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಒಂದು ಆಸಕ್ತಿ ಇದೆ. ಸಾಕಿದ ಹಲ್ಲಿಯ ಮರಿ ಹುಟ್ಟಿದ್ದು ಸರ್ಕಾರಿ ದಾಖಲೆಗೆ ಬರ್ತಿರೋದು ನಮ್ಮಲ್ಲಿ ಈಗಲೇ. ಮೊಟ್ಟೆ ಇಟ್ಟು ಮರಿಯಾಗದ್ದು ಆ ದಾಖಲೆಯಲ್ಲಿ ಕಾಣೋದಿಲ್ಲ.

ಪ್ರಶ್ನೆ: ರಾತ್ರಿ ಓಡಾಡುವ ಮನೆಹಲ್ಲಿಗೆ ಬಿಸಿಲೇ ಬೀಳೋದಿಲ್ಲ, ಆದರೂ ನಮ್ಮ ಗೋಡೆ ತುಂಬಾ ಮರಿ ಹಾಕಿವೆಯಲ್ಲ?

ಒಳ್ಳೇ ಪ್ರಶ್ನೆ ಸರ್. 2000ದಲ್ಲಿ ಕಾರ್ಮನ್, ಫರ್ಗುಸನ್ ಮತ್ತಿತರರು ಇದನ್ನೇ ನೋಡಿದರು, ನಮ್ಮ ಮನೆಹಲ್ಲಿಯ ಹತ್ತಿರದ ಬಂಧುವಾದ ಮೆಡಿಟರೇನಿಯನ್ ಹಲ್ಲಿಯನ್ನೂ ಬಿಸಿಲಲ್ಲೇ ಬದುಕುವ ಟೆಕ್ಸಾಸಿನ ಒಂದು ಮುಳ್ಳು ಓತಿಯನ್ನೂ ಪಕ್ಕಪಕ್ಕ ಇಟ್ಟು. ಅಷ್ಟೇ ಯುವಿ-ಬಿ ಬಿದ್ದಾಗ ಹಲ್ಲಿಯ ತೆಳು ಚರ್ಮ ಓತಿಯ ಚರ್ಮಕ್ಕಿಂತ ಹೆಚ್ಚು ಡಿ3 ತಯಾರಿಸಿತು. ಅದಕ್ಕೆ ದಿನವಿಡೀ ಬಿಸಿಲು ಬೇಡ. ಗೋಡೆಯ ಬಿರುಕಿನ ಬಾಯಿಗೆ ಬೀಳುವ ಸ್ವಲ್ಪ ಬೆಳಕು, ಕತ್ತಲಾಗುವ ಮುಂಚೆ ಹೊರಗೆ ತಲೆ ಹಾಕುವ ಆ ಸ್ವಲ್ಪ ಹೊತ್ತು ಅದರ ಪಾಲಿಗೆ ಆಗುತ್ತೆ. ಹಾಗೆ ನೋಡಿದರೆ ರಾತ್ರಿಯ ಪ್ರಾಣಿ ಅಂತ ಪೂರ್ತಿ ಕತ್ತಲಲ್ಲಿ ಮುಚ್ಚಿಡೋದೂ ತಪ್ಪಾಗುತ್ತೆ. ನಮ್ಮ ಮನೆಯಲ್ಲಿ ಅಡುಗೆಮನೆ ಹಂಚಿನ ಸಂದಿಯ ಹಲ್ಲಿಗಳು ಹಿತ್ತಲ ಕಡೆ ಮೂತಿ ಚಾಚೋದು ಐದೂವರೆ ಸುಮಾರಿಗೆ. ಟ್ಯೂಬ್‌ಲೈಟ್ ಹಾಕೋದು ಅದಾದಮೇಲೆ.